ಏಜೆನ್ಸಿ ಮೂಲಕ ಇಂಟರ್‌ವ್ಯೂ ಆಯ್ತು, ಕ್ಲೈಂಟ್‌ಗೆ ನಾನೇ ಮೆಸೇಜ್ ಮಾಡಬಹುದಾ?

ಹಾಸನದಿಂದ, ಸಾಫ್ಟ್‌ವೇರ್ ಟೆಸ್ಟರ್

ಎಲ್ಲರಿಗೂ ನಮಸ್ಕಾರ. ನಾನು ವಿದ್ಯಾನಗರದ ಮನೆಯಿಂದಲೇ ಕಾಂಟ್ರಾಕ್ಟ್ ಮೇಲೆ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಬೆಂಗಳೂರಿನ ಒಂದು ಏಜೆನ್ಸಿ ಹೊಸ ಪ್ರಾಜೆಕ್ಟ್‌ಗೆ ಇಂಟರ್‌ವ್ಯೂ ಮಾಡಿಸಿತು. ವಿಡಿಯೋ ಕಾಲ್‌ನಲ್ಲಿ ಕ್ಲೈಂಟ್ ಕಡೆಯ ಮ್ಯಾನೇಜರ್ ಚೆನ್ನಾಗಿಯೇ ಮಾತಾಡಿದರು. "ನಮಗೆ ಜನ ಬೇಗ ಬೇಕು" ಅಂತಲೂ ಅಂದರು. ಆಮೇಲೆ ಸುದ್ದಿಯೇ ಇಲ್ಲ. ಏಜೆನ್ಸಿಯ ರಿಕ್ರೂಟರ್ ಮೊದಮೊದಲು "ಫೀಡ್‌ಬ್ಯಾಕ್ ಬಂದಿಲ್ಲ ಸರ್" ಅನ್ನುತ್ತಿದ್ದರು, ಈಗ ಫೋನೇ ಎತ್ತುತ್ತಿಲ್ಲ. ಮೀಟಿಂಗ್ ಇನ್ವೈಟ್‌ನಲ್ಲಿ ಮ್ಯಾನೇಜರ್ ಇಮೇಲ್ ಕಾಣುತ್ತಿದೆ. ನೇರವಾಗಿ ಕೇಳಿಬಿಡಲೇ? ನಮ್ಮ ಭಾವ "ಕೇಳೋದ್ರಲ್ಲಿ ಏನ್ ಹೋಗುತ್ತೆ" ಅನ್ನುತ್ತಾರೆ. ಹೆಂಡತಿ ಬೇಡವೇ ಬೇಡ ಅನ್ನುತ್ತಾಳೆ. ಅನುಭವ ಇದ್ದವರು ಹೇಳಿ.

ಚಿಕ್ಕಮಗಳೂರಿನಿಂದ, ಟೆಕ್ನಿಕಲ್ ರೈಟರ್

ಧನ್ಯವಾದ ಹೇಳಬಹುದು, ಫಲಿತಾಂಶ ಕೇಳಬಾರದು. ನಾನು ಇಷ್ಟು ದಿನ ಪಾಲಿಸಿಕೊಂಡು ಬಂದಿರುವುದು ಇದನ್ನೇ. ಇಂಟರ್‌ವ್ಯೂ ಆದ ದಿನವೇ ಎರಡು ಸಾಲು: "ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ನೀವು ಹೇಳಿದ ಡಾಕ್ಯುಮೆಂಟೇಶನ್ ಕೆಲಸ ನನಗೆ ಇಷ್ಟವಾಯಿತು. ಮುಂದಿನ ವಿಷಯ ಏಜೆನ್ಸಿಯವರ ಮೂಲಕ ತಿಳಿಯುತ್ತೇನೆ." ಏಜೆನ್ಸಿಯವರಿಗೆ ಸಿಸಿ ಹಾಕುತ್ತೇನೆ. ಇದಕ್ಕೆ ಇವತ್ತಿನವರೆಗೂ ಯಾರೂ ಮುಖ ಸಿಂಡರಿಸಿಲ್ಲ. ಆದರೆ ಇದನ್ನು ಅವತ್ತೇ ಕಳಿಸಬೇಕು. ಇಷ್ಟು ದಿನ ಬಿಟ್ಟು ಈಗ ಥ್ಯಾಂಕ್ಸ್ ಕಳಿಸಿದರೆ, ನೆಪ ಇಟ್ಟುಕೊಂಡು ಫಲಿತಾಂಶ ಕೇಳುತ್ತಿದ್ದೀರಿ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಅರಸೀಕೆರೆಯವಳು, ಬೆಂಗಳೂರಿನ ಏಜೆನ್ಸಿಯಲ್ಲಿ ರಿಕ್ರೂಟರ್

ನಮ್ಮ ಜಿಲ್ಲೆಯವರೇ ಕೇಳುತ್ತಿದ್ದೀರಿ, ಅದಕ್ಕೆ ಒಳಗಿನ ಕಥೆ ಬಿಚ್ಚಿ ಹೇಳುತ್ತೇನೆ ಸರ್. ಬೈಯಬೇಡಿ.

ನೀವು ಆ ಮ್ಯಾನೇಜರ್‌ಗೆ "ನನ್ನದೇನಾಯ್ತು" ಅಂತ ಮೇಲ್ ಹಾಕಿದರೆ ಸಾಮಾನ್ಯವಾಗಿ ಏನಾಗುತ್ತದೆ ಗೊತ್ತಾ? ಅವರು ನಿಮಗೆ ಉತ್ತರ ಬರೆಯುವುದಿಲ್ಲ. ಅದೇ ಮೇಲನ್ನು ನಮ್ಮ ಅಕೌಂಟ್ ಮ್ಯಾನೇಜರ್‌ಗೆ (ಏಜೆನ್ಸಿಯಲ್ಲಿ ಆ ಕ್ಲೈಂಟ್ ವ್ಯವಹಾರ ನೋಡಿಕೊಳ್ಳುವವರಿಗೆ) ಫಾರ್ವರ್ಡ್ ಮಾಡುತ್ತಾರೆ, ಮೇಲೆ ಒಂದೇ ಸಾಲು: "ದಯವಿಟ್ಟು ನೋಡಿಕೊಳ್ಳಿ." ನಮ್ಮ ಅಕೌಂಟ್ ಮ್ಯಾನೇಜರ್ ನನ್ನ ಕುರ್ಚಿ ಹತ್ತಿರ ಬಂದು ನಿಲ್ಲುತ್ತಾರೆ. ಅಷ್ಟು ಹೊತ್ತಿಗೆ ನಿಮ್ಮ ಹೆಸರಿನ ಮುಂದೆ "ನೇರ ಹೋಗುವವರು" ಅನ್ನುವ ಷರಾ ಬಿದ್ದಾಗಿರುತ್ತದೆ. ನೀವು ಕೇಳಿದ್ದು ಒಂದು ಸಣ್ಣ ಪ್ರಶ್ನೆ ಅಷ್ಟೇ. ಆದರೆ ನಮ್ಮ ಕಡೆ ಅದು ಬೇರೆಯೇ ಥರ ಕೇಳಿಸುತ್ತದೆ.

ದೊಡ್ಡ ಕಂಪನಿಗಳಲ್ಲಿ ಕಾಂಟ್ರಾಕ್ಟ್ ಜನರನ್ನು ತೆಗೆದುಕೊಳ್ಳುವುದು ಮ್ಯಾನೇಜರ್ ಒಬ್ಬರ ಕೈಯಲ್ಲಿಲ್ಲ. ಅವರು ಹೂಂ ಅಂದ ಮೇಲೆ ಬಜೆಟ್ ಒಪ್ಪಿಗೆ ಆಗಬೇಕು, ಪರ್ಚೇಸ್ ಆರ್ಡರ್ (ಪಿಒ, ಅಂದರೆ ಕಂಪನಿ ಕೊಡುವ ಲಿಖಿತ ಆದೇಶ) ಹೊರಡಬೇಕು. ಪಿಒ ಇಲ್ಲದೆ ನಾವು ಆಫರ್ ಕೊಡುವುದಿಲ್ಲ. ಮಾರ್ಚ್ ಬಂತೆಂದರೆ ಎಲ್ಲ ಕಡೆ ಇದು ನಿಧಾನ. ಹಾಗಾಗಿ "ಬೇಗ ಬೇಕು" ಅಂದವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಅವರೂ ಯಾರದ್ದೋ ಸಹಿಗೆ ಕಾಯುತ್ತಿರುತ್ತಾರೆ. ಇನ್ನೊಂದು ಸಾಧ್ಯತೆಯೂ ಇದೆ. ಮೊದಲ ಆಯ್ಕೆ ಬೇರೆಯವರು, ನೀವು ಎರಡನೆಯವರು. ಮೊದಲಿನವರು ಜಾಯಿನ್ ಆಗುವ ತನಕ ನಿಮಗೆ ಯಾರೂ "ಇಲ್ಲ" ಅನ್ನುವುದಿಲ್ಲ.

ಇನ್ನು ನಾವು ಫೋನ್ ಎತ್ತದಿರುವುದು ತಪ್ಪೇ, ಒಪ್ಪುತ್ತೇನೆ. ಹೇಳುವುದಕ್ಕೆ ಹೊಸದೇನೂ ಇಲ್ಲದಾಗ ತಪ್ಪಿಸಿಕೊಳ್ಳುವ ಚಾಳಿ ನಮ್ಮ ಫೀಲ್ಡ್‌ನಲ್ಲಿ ಜಾಸ್ತಿ. ನೀವು ಫೋನ್ ಬಿಟ್ಟು ಮೇಲ್ ಹಾಕಿ. "ಅಪ್‌ಡೇಟ್ ಇದೆಯಾ" ಅಂತ ಕೇಳಬೇಡಿ, ಅದಕ್ಕೆ "ಇನ್ನೂ ಇಲ್ಲ" ಅಂತ ಬರುತ್ತದೆ ಅಷ್ಟೇ. ಹೌದು-ಇಲ್ಲ ಅಂತ ಉತ್ತರ ಬರುವ ಹಾಗೆ ಕೇಳಿ: ಪೊಸಿಷನ್ ಇನ್ನೂ ಓಪನ್ ಇದೆಯಾ? ಕ್ಲೈಂಟ್ ಕಡೆಯಿಂದ ಲಿಖಿತ ಫೀಡ್‌ಬ್ಯಾಕ್ ಬಂದಿದೆಯಾ? ನೀವೇ ನೇರ ವೆಂಡರ್ರಾ (ಕ್ಲೈಂಟ್‌ಗೆ ನೇರ ಜನ ಒದಗಿಸುವವರಾ), ನಡುವೆ ಇನ್ನೊಬ್ಬರು ಇದ್ದಾರಾ?

ಈ ಮೂರನೆಯದು ಯಾಕೆ ಅಂದರೆ, ಎಷ್ಟೋ ಸಲ ನಿಮಗೆ ಫೋನ್ ಮಾಡಿದ ಏಜೆನ್ಸಿಗೆ ಕ್ಲೈಂಟ್ ಪರಿಚಯವೇ ಇರುವುದಿಲ್ಲ. ಅವರು ಸಬ್ ವೆಂಡರ್. ನಡುವೆ ಇನ್ನೊಂದು ಕಂಪನಿ ಕೂತಿರುತ್ತದೆ. ಅವರಿಗೂ ಸುದ್ದಿ ನಿಧಾನಕ್ಕೇ ಸಿಗುವುದು, ಹಾಗಾಗಿ ನಿಮಗೂ ನಿಧಾನ.

ಹಾಸನ ಕೈಗಾರಿಕಾ ಪ್ರದೇಶದಿಂದ, ಮೆಷಿನ್ ಮೇಂಟೆನೆನ್ಸ್ ಕೆಲಸ

ನಾವು ಐಟಿ ಅಲ್ಲ. ಮ್ಯಾನ್‌ಪವರ್ ಏಜೆನ್ಸಿ ಮೂಲಕ ಫ್ಯಾಕ್ಟರಿಗೆ ಹೋಗುವವರು. ನಿಮಗೆ ಇಮೇಲ್ ಚಿಂತೆ, ನಮಗೆ ಬೇರೆ ಚಿಂತೆ. ಇಂಟರ್‌ವ್ಯೂ ಮಾಡಿದ ಪ್ಲಾಂಟ್ ಇಂಜಿನಿಯರ್ ಸಂಜೆ ಬಿ.ಎಂ. ರೋಡ್‌ನಲ್ಲಿ ಟೀ ಕುಡಿಯುತ್ತಾ ಎದುರಿಗೇ ಸಿಗುತ್ತಾರೆ. ಭಾನುವಾರ ಯಾವುದೋ ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿರುತ್ತಾರೆ. ಮಾತಾಡಿಸದೆ ಇರೋಕಾಗುತ್ತಾ? ಹಾಗೆ ಮಾಡಿದರೆ ಅದೇ ಕೆಟ್ಟದು.

ಹಾಗಾಗಿ ಮಾತಾಡಿಸುತ್ತೇನೆ. ಊಟ ಆಯ್ತಾ ಸರ್, ಮಳೆ ಹೇಗೆ, ಅಷ್ಟೇ. ಅವರಾಗಿ ಕೆಲಸದ ವಿಷಯ ಎತ್ತಿದರೆ "ಏಜೆನ್ಸಿಯವರು ಹೇಳ್ತಾರೆ ಅಂತ ಕಾಯ್ತಾ ಇದೀನಿ ಸರ್" ಅನ್ನುತ್ತೇನೆ. ಆ ಮಾತಲ್ಲಿ ಕೇಳಿದ ಹಾಗೂ ಆಯ್ತು, ಕೇಳದ ಹಾಗೂ ಆಯ್ತು. ಒಂದು ಸಲ ಹೀಗೆ ಹೇಳಿದ ಮಾರನೇ ದಿನವೇ ಗೇಟ್ ಪಾಸ್‌ಗೆ ಫೋಟೋ ತಗೊಂಡು ಬಾ ಅಂತ ಏಜೆನ್ಸಿಯಿಂದ ಫೋನ್ ಬಂತು. ಅವರು ಏಜೆನ್ಸಿಗೆ ನೆನಪು ಮಾಡಿದರೋ ಏನೋ, ನಾನು ಕೇಳಲಿಲ್ಲ.

ದುಡ್ಡಿನ ಮಾತು ಮಾತ್ರ ಎತ್ತಲೇಬಾರದು. ನನ್ನ ಜೊತೆಗಿದ್ದ ಒಬ್ಬ ಟೀ ಅಂಗಡಿಯಲ್ಲೇ "ನಂಗೆ ಅವರು ಇಷ್ಟೇ ಕೊಡ್ತಾರೆ, ನೀವು ಅವರಿಗೆ ಎಷ್ಟು ಕೊಡ್ತೀರಿ ಸರ್" ಅಂತ ಕೇಳಿದ. ಸಾಹೇಬರು ಗ್ಲಾಸ್ ಕೆಳಗಿಟ್ಟು ಎದ್ದು ಹೋದರು. ಅವನಿಗೆ ಆ ಏಜೆನ್ಸಿಯಿಂದ ಮತ್ತೆ ಕರೆ ಬರಲಿಲ್ಲ.

ಬೇಲೂರು ಕಡೆಯವನು, ಡೇಟಾ ಅನಲಿಸ್ಟ್

ಎಲ್ಲರೂ ಏಜೆನ್ಸಿಗೆ ತುಂಬಾ ಮರ್ಯಾದೆ ಕೊಡುತ್ತಿದ್ದೀರಿ ಅನಿಸುತ್ತದೆ. ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಏಜೆನ್ಸಿ ನಿದ್ದೆ ಮಾಡಿದರೆ ನಾವೂ ಜೊತೆಗೆ ಮಲಗಬೇಕಾ?

ನನ್ನ ಕೇಸ್‌ನಲ್ಲಿ ರಿಕ್ರೂಟರ್ ಕೆಲಸ ಬಿಟ್ಟು ಹೋಗಿದ್ದರು. ಅವರ ಜಾಗಕ್ಕೆ ಬಂದವರಿಗೆ ನನ್ನ ಫೈಲೇ ಗೊತ್ತಿರಲಿಲ್ಲ. ನಾನು ಏಜೆನ್ಸಿಯ ಸಾಮಾನ್ಯ ಇಮೇಲ್‌ಗೂ ಹಳೇ ರಿಕ್ರೂಟರ್ ಇಮೇಲ್‌ಗೂ ಒಟ್ಟಿಗೆ ಬರೆದೆ: "ಶುಕ್ರವಾರದೊಳಗೆ ತಿಳಿಸಿ. ಇಲ್ಲದಿದ್ದರೆ ಪೊಸಿಷನ್ ಇದೆಯೋ ಇಲ್ಲವೋ ಅಂತ ಕ್ಲೈಂಟ್ ಎಚ್‌ಆರ್‌ಗೆ ನಿಮ್ಮನ್ನು ಸಿಸಿಯಲ್ಲಿ ಇಟ್ಟು ಕೇಳುತ್ತೇನೆ." ಗುರುವಾರ ಸಂಜೆಯೇ ಫೋನ್ ಬಂತು. ಕ್ಲೈಂಟ್‌ಗೆ ಬರೆಯುವ ಪ್ರಮೇಯವೇ ಬರಲಿಲ್ಲ. ಬಂದಿದ್ದರೆ ಬರೆಯುತ್ತಿದ್ದೆ. ಅದರಲ್ಲಿ ಕದ್ದುಮುಚ್ಚಿ ಮಾಡುವುದು ಏನೂ ಇಲ್ಲ, ಮೊದಲೇ ಹೇಳಿರುತ್ತೇವಲ್ಲ. ರೇಟ್ ಮಾತಾಡುವುದಿಲ್ಲ, ಏಜೆನ್ಸಿಯನ್ನು ದೂರುವುದೂ ಇಲ್ಲ.

ಮ್ಯಾನೇಜರ್‌ಗಿಂತ ಎಚ್‌ಆರ್‌ಗೆ ಬರೆಯುವುದು ವಾಸಿ. ಲಿಂಕ್ಡ್‌ಇನ್‌ನಲ್ಲಿ ರಿಕ್ವೆಸ್ಟ್ ಕಳಿಸಿ ಅಲ್ಲಿಂದ ಚಾಟ್‌ನಲ್ಲಿ ಕೇಳುವುದು ಬೇಡ. ಅಲ್ಲಿ ಸಿಸಿ ಇಲ್ಲ, ಏಜೆನ್ಸಿಗೆ ಗೊತ್ತಾದಾಗ ಬೆನ್ನ ಹಿಂದೆ ಮಾಡಿದ ಹಾಗೆ ಕಾಣುತ್ತದೆ.

ಚಿಕ್ಕಮಗಳೂರು ಐ.ಜಿ. ರೋಡ್‌ನಿಂದ, ಲೆಕ್ಕಪತ್ರ ನೋಡುವವರು

ಕಾಂಟ್ರಾಕ್ಟ್‌ನವರ ರಿಟರ್ನ್ಸ್ ಹಾಕುವುದು ನನ್ನ ಕೆಲಸ. "ನಡುವೆ ಏಜೆನ್ಸಿ ಯಾಕೆ, ನೇರ ಹೋದರೆ ಅವರ ಕಮಿಷನ್ ನಮಗೇ ಅಲ್ವಾ" ಅಂತ ಬಹಳ ಜನ ಕೇಳುತ್ತಾರೆ. ಇಲ್ಲಿ ಯಾರೂ ಬಾಯಿ ಬಿಟ್ಟು ಕೇಳಿಲ್ಲ, ಆದರೆ ಮನಸ್ಸಲ್ಲಿ ಇರುತ್ತದೆ.

ಮೊದಲು ನೀವು ಸಹಿ ಹಾಕಿದ ಕಾಗದ ಓದಿ. ಏಜೆನ್ಸಿ ತೋರಿಸಿದ ಕ್ಲೈಂಟ್ ಜೊತೆ ಇಂತಿಷ್ಟು ಕಾಲ ನೇರ ವ್ಯವಹಾರ ಮಾಡುವ ಹಾಗಿಲ್ಲ ಅನ್ನುವ ಷರತ್ತು ಬಹಳ ಕಡೆ ಇರುತ್ತದೆ. ಭಾರತೀಯ ಕರಾರು ಕಾಯ್ದೆ 1872ರದ್ದು. ಅದರ 27ನೇ ಸೆಕ್ಷನ್ ಪ್ರಕಾರ ಒಬ್ಬನ ಉದ್ಯೋಗ-ವ್ಯಾಪಾರಕ್ಕೆ ಅಡ್ಡ ಹಾಕುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. ಇದನ್ನು ಕೇಳಿ ಕುಣಿಯಬೇಡಿ. ಕೆಲಸದ ಅವಧಿಯ ಒಳಗಿನ ನ್ಯಾಯವಾದ ನಿರ್ಬಂಧ ನಡೆಯುತ್ತದೆ ಅಂತ 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಅಲ್ಲದೆ ಆ ಕ್ಲೈಂಟ್ ಕೂಡ ಏಜೆನ್ಸಿ ಜೊತೆ ಕರಾರು ಮಾಡಿಕೊಂಡಿರುತ್ತಾರೆ. ನಿಮಗೆ ಕಾನೂನು ಏನೇ ಹೇಳಲಿ, ಅವರು ಹಿಂದೆ ಸರಿಯುತ್ತಾರೆ.

ದುಡ್ಡಿನ ಲೆಕ್ಕ ಇನ್ನೊಂದು. ಕ್ಲೈಂಟ್ ಬಿಲ್ ಕೊಡುವುದು ತಡವಾದರೂ ಒಳ್ಳೆಯ ಏಜೆನ್ಸಿ ನಿಮಗೆ ತಿಂಗಳಿಗೆ ಹಾಕಿಬಿಡುತ್ತದೆ. ನೇರ ಹೋದರೆ ಆ ಕಾಯುವಿಕೆ ನಿಮ್ಮದು. ಎಂಎಸ್‌ಎಂಇ ಕಾಯ್ದೆ (ಸಣ್ಣ, ಮಧ್ಯಮ ಉದ್ಯಮಗಳದ್ದು), 2006ರ ಪ್ರಕಾರ ಸಣ್ಣವರ ಬಿಲ್ 45 ದಿನದ ಒಳಗೆ ಕೊಡಬೇಕು. ಅದಕ್ಕೆ ನೀವು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿರಬೇಕು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು. ಇದೆಲ್ಲ ಆಗದ್ದೇನಲ್ಲ, ಮಾಡುವವರು ಮಾಡುತ್ತಿದ್ದಾರೆ. ಏಜೆನ್ಸಿ ಸಂಬಂಧವೇ ಇಲ್ಲದ ಹೊಸ ಕ್ಲೈಂಟ್ ಹಿಡಿದು ಮಾಡಿ. ಅವರೇ ಪರಿಚಯಿಸಿದ ಮನೆಗೆ ಹಿತ್ತಲಿನಿಂದ ಹೋಗಬೇಡಿ.

ಹಾಸನದಿಂದ, ಸಾಫ್ಟ್‌ವೇರ್ ಟೆಸ್ಟರ್ (ಕೇಳಿದವನೇ)

ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಮೂರು ಪ್ರಶ್ನೆಯ ಮೇಲ್ ಇವತ್ತೇ ಹಾಕಿದೆ, ಶುಕ್ರವಾರದ ಮಾತೂ ಸೇರಿಸಿ. ಇನ್ನೆರಡು ಕೇಳಬೇಕಿತ್ತು. ಒಂದು, ಮ್ಯಾನೇಜರ್ ಅವರಾಗೇ ನನಗೆ ಫೋನ್ ಮಾಡಿದರೆ? ಎರಡು, ಇದೇ ಪೊಸಿಷನ್‌ಗೆ ಇನ್ನೊಂದು ಏಜೆನ್ಸಿ ಫೋನ್ ಮಾಡುತ್ತಿದೆ. ಅವರು "ಪ್ರೊಫೈಲ್ ಕಳಿಸಿ, ರಿಸಲ್ಟ್ ನಾವು ತರಿಸುತ್ತೇವೆ" ಅನ್ನುತ್ತಿದ್ದಾರೆ.

ಅರಸೀಕೆರೆಯ ರಿಕ್ರೂಟರ್

ಅವರಾಗೇ ಮಾಡಿದರೆ ಧಾರಾಳವಾಗಿ ಮಾತಾಡಿ ಸರ್. ಕೆಲಸದ ಬಗ್ಗೆ ಏನು ಕೇಳಿದರೂ ಹೇಳಿ. ರೇಟ್, ಜಾಯಿನಿಂಗ್ ತಾರೀಕು ಕೇಳಿದರೆ ಮಾತ್ರ "ಏಜೆನ್ಸಿಯವರ ಜೊತೆ ಮಾತಾಡಿಬಿಡಿ" ಅನ್ನಿ. ಫೋನ್ ಇಟ್ಟ ಮೇಲೆ ಏಜೆನ್ಸಿಗೆ ಒಂದು ಸಾಲು ಮೇಲ್ ಹಾಕಿ, ಅವತ್ತೇ.

ಎರಡನೇ ಏಜೆನ್ಸಿಗೆ ಪ್ರೊಫೈಲ್ ಕೊಡಲೇಬೇಡಿ. ಕ್ಲೈಂಟ್ ಪೋರ್ಟಲ್‌ನಲ್ಲಿ ಒಂದೇ ಹೆಸರು ಎರಡು ಕಡೆಯಿಂದ ಬಿದ್ದರೆ ನಾವು ನಾವೇ ಕಿತ್ತಾಡುತ್ತೇವೆ. ಆ ಗಲಾಟೆ ಯಾರಿಗೆ ಬೇಕು ಅಂತ ಕ್ಲೈಂಟ್ ನಿಮ್ಮನ್ನೇ ಪಕ್ಕಕ್ಕಿಡುತ್ತಾರೆ. "ಈಗಾಗಲೇ ಬೇರೆಯವರ ಮೂಲಕ ಇಂಟರ್‌ವ್ಯೂ ಆಗಿದೆ" ಅಂತ ಹೇಳಿ. ಯಾರು ಅಂತ ಹೇಳುವ ಅಗತ್ಯ ಇಲ್ಲ.

ಸಕಲೇಶಪುರದಿಂದ, ಈಗಷ್ಟೇ ಓದಿದವಳು

ಒಂದು ಸೇರಿಸುತ್ತೇನೆ. ಏಜೆನ್ಸಿ ಹೆಸರಲ್ಲಿ ಯಾರಾದರೂ ಇಂಟರ್‌ವ್ಯೂ ಮಾಡಿಸಿ, ಆಮೇಲೆ ಲ್ಯಾಪ್‌ಟಾಪ್ ಡಿಪಾಸಿಟ್, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫೀ ಅಂತ ದುಡ್ಡು ಕೇಳಿದರೆ ಮೇಲಿನ ಯಾವ ಮುಲಾಜೂ ಬೇಡ. ನನ್ನ ತಂಗಿಗೆ ಹಾಗೇ ಕೇಳಿದರು. ಕಂಪನಿ ವೆಬ್‌ಸೈಟ್‌ನಲ್ಲಿದ್ದ ನಂಬರ್‌ಗೆ ನೇರವಾಗಿ ಫೋನ್ ಮಾಡಿಸಿದೆ. ಅಂಥ ಪೊಸಿಷನ್ನೇ ಇಲ್ಲ ಅಂದರು. ಆಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.