ಕುಡಾ ಇನ್‌ಸ್ಟಾಲ್ ಡ್ರೈವರ್ ಹತ್ತಿರ ಬಂದು ನಿಂತುಹೋಗುತ್ತದೆ, ನೀವು ಹೇಗೆ ದಾಟಿದಿರಿ?

ಮೋಡಲಿಪಿ: ಉಬುಂಟು 22.04. ಇಂಟೆಲ್, ಎನ್‌ವಿಡಿಯಾ ಎರಡೂ ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್. ಅದರಲ್ಲೇ ವಿಂಡೋಸ್ ಕೂಡ ಇದೆ. ಕುಡಾ (ಎನ್‌ವಿಡಿಯಾ ಕಾರ್ಡಿನ ಮೇಲೆ ಲೆಕ್ಕ ಓಡಿಸುವ ಸಾಫ್ಟ್‌ವೇರ್) 12ರ ರನ್‌ಫೈಲ್, ಅಂದರೆ ಎಲ್ಲವೂ ಒಂದರಲ್ಲೇ ಇರುವ ಇನ್‌ಸ್ಟಾಲರ್, ಹಾಕಿದರೆ ಡ್ರೈವರ್ ಹಂತದಲ್ಲಿ ಫೇಲ್. ಲಿನಕ್ಸ್ ಜೊತೆಗೇ ಬರುವ ಮುಕ್ತ ಎನ್‌ವಿಡಿಯಾ ಡ್ರೈವರ್ ನೌವೋ ಬಳಕೆಯಲ್ಲಿದೆ ಎಂದು ಲಾಗ್ ಹೇಳುತ್ತದೆ. ಫಾರ್ಮ್ಯಾಟ್ ಮಾಡದೆ ಇದನ್ನು ದಾಟಿದವರು ನಿಮ್ಮ ಅನುಭವ ಹೇಳಿ, ಪ್ಲೀಸ್.

ಸಹಿಕೀಲಿ: ನನ್ನ ಕಷ್ಟ ಬೇರೆ ಥರ. ಡ್ರೈವರ್ ಚೆನ್ನಾಗಿಯೇ ಬಿಲ್ಡ್ ಆಗುತ್ತಿತ್ತು, ಎಲ್ಲೂ ಎರರ್ ಇಲ್ಲ. ರೀಬೂಟ್ ಮಾಡಿ, ಕಾರ್ಡಿನ ಸ್ಥಿತಿ ತೋರಿಸುವ ಎನ್‌ವಿಡಿಯಾ-ಎಸ್‌ಎಂಐ ಕಮಾಂಡ್ ಕೊಟ್ಟರೆ ಡ್ರೈವರ್ ಸಿಗುತ್ತಿಲ್ಲ ಎನ್ನುತ್ತಿತ್ತು. ಎಲ್ಲರದೂ ಒಂದೇ ಮಾತು, ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದನ್ನು ಬೂಟ್‌ನಲ್ಲಿ ತಡೆಯುವ ಸೆಟ್ಟಿಂಗ್) ಆಫ್ ಮಾಡು ಅಂತ. ಆಫ್ ಮಾಡಿದೆ. ಆ ಕಡೆ ವಿಂಡೋಸ್ ತನ್ನ ಡಿಸ್ಕ್ ಬೀಗ ಬಿಟ್‌ಲಾಕರ್‌ನ ರಿಕವರಿ ಕೀ ಕೇಳಿತು. ಆ ಕೀ ಇದ್ದದ್ದು ಆಫೀಸಿನ ಖಾತೆಯಲ್ಲಿ, ಅವತ್ತು ರಜೆ. ಮಾರನೇ ದಿನ ಬೆಳಗ್ಗೆ ಡೆಮೊ ಇತ್ತು, ಹೋಯಿತು. ಸೆಕ್ಯೂರ್ ಬೂಟ್ ಆಫ್ ಮಾಡು ಎಂದು ಸಲಹೆ ಕೊಡುವವರನ್ನು ಕಂಡರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಸರಿಯಾದ ದಾರಿ ಎಂಒಕೆ, ಅಂದರೆ ಡ್ರೈವರಿಗೆ ಸಹಿ ಹಾಕಿದ ನಮ್ಮದೇ ಕೀಯನ್ನು ಯಂತ್ರ ನಂಬುವಂತೆ ಸೇರಿಸುವುದು. ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಇಡಿ. ರೀಬೂಟ್‌ನಲ್ಲಿ ನೀಲಿ ಸ್ಕ್ರೀನ್ ಬರುತ್ತದೆ, ಕೆಲವೇ ಸೆಕೆಂಡ್ ಇರುತ್ತದೆ. ಅಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ನೆ ನೋಡುತ್ತಾ ಕುಳಿತರೆ ಕೀ ಸೇರುವುದೇ ಇಲ್ಲ, ಲಿನಕ್ಸಿನ ತಿರುಳಾದ ಕರ್ನಲ್ ಆ ಡ್ರೈವರ್ ಮಾಡ್ಯೂಲನ್ನು ಒಳಗೆ ಬಿಡುವುದಿಲ್ಲ.

ಹಳೇಕಾರ್ಡ್: ನನ್ನದು ಎನ್‌ವಿಡಿಯಾದ ಹಳೇ ಕೆಪ್ಲರ್ ಪೀಳಿಗೆಯ ಕಾರ್ಡ್. ಹೊಸ ಡ್ರೈವರ್ ಹಾಕಿದಾಗೆಲ್ಲ ಇನ್‌ಸ್ಟಾಲ್ ಮುಗಿಯುತ್ತಿತ್ತು, ಆಮೇಲೆ ಕಪ್ಪು ಸ್ಕ್ರೀನ್. ವಾರಗಟ್ಟಲೆ ಅದೇ ಗೋಳು. ಕೊನೆಗೆ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್ (dmesg) ತೆಗೆದು ಸಾಲು ಸಾಲಾಗಿ ಓದಿದರೆ ಅಲ್ಲೇ ಬರೆದಿತ್ತು, ಈ ಕಾರ್ಡಿಗೆ 470ರ ಲೆಗಸಿ ಡ್ರೈವರ್ ಮಾತ್ರ ಎಂದು. ಕುಡಾ 12ರಲ್ಲಿ ಕೆಪ್ಲರ್‌ಗೆ ಬೆಂಬಲವೇ ಇಲ್ಲ. 470 ಮತ್ತು ಕುಡಾ 11.4 ಜೋಡಿ ಹಾಕಿದೆ, ಇವತ್ತಿಗೂ ಓಡುತ್ತಿದೆ. ಹೊಸ ಕಾರ್ಡ್ ತಗೋ ಎಂದವರ ಮಾತು ಕೇಳಲಿಲ್ಲ, ಒಳ್ಳೆಯದೇ ಆಯಿತು.

ಪೈಪ್‌ಸಾಕು: ಕುಡಾ ಟೂಲ್‌ಕಿಟ್ (ಕಂಪೈಲರ್, ಲೈಬ್ರರಿಗಳ ಗಂಟು) ಯಾಕೆ ಬೇಕು ಹೇಳಿ? ಎಐ ಮಾಡೆಲ್ ಬರೆಯುವ ಲೈಬ್ರರಿ ಪೈಟಾರ್ಚ್ ಅನ್ನು ಪೈಥಾನ್ ಇನ್‌ಸ್ಟಾಲರ್ ಪಿಪ್‌ನಿಂದ ಹಾಕಿದರೆ ಕುಡಾ ಲೈಬ್ರರಿಗಳು ಅದರ ಜೊತೆಗೇ ಬರುತ್ತವೆ. ಡ್ರೈವರ್ ಒಂದಿದ್ದರೆ ಆಯಿತು. ಎನ್‌ವಿಡಿಯಾ-ಎಸ್‌ಎಂಐ ಮೇಲ್ಗಡೆ ಕುಡಾ ವರ್ಷನ್ ಅಂತ ತೋರಿಸುತ್ತದಲ್ಲ, ಅದು ಆ ಡ್ರೈವರ್ ಎಲ್ಲಿಯವರೆಗೆ ತಡೆಯುತ್ತದೆ ಎನ್ನುವ ಲೆಕ್ಕ. ನಿಮ್ಮ ಯಂತ್ರದಲ್ಲಿ ಇನ್‌ಸ್ಟಾಲ್ ಆಗಿರುವುದು ಅದಲ್ಲ. ಅದನ್ನು ನೋಡಿ ಎರಡೆರಡು ಟೂಲ್‌ಕಿಟ್ ಇಳಿಸಿ, ಡಿಸ್ಕ್ ತುಂಬಿಸಿಕೊಂಡು ಅಳುವವರನ್ನು ಎಷ್ಟು ಜನ ನೋಡಿದ್ದೇನೆ.

ಹಳೇಕಾರ್ಡ್: ಸ್ವಾಮಿ, ಎಲ್ಲರೂ ಪೈಟಾರ್ಚ್ ಬರೆಯುವುದಿಲ್ಲ. ನಾನು ಕುಡಾ ಕೋಡನ್ನೇ ಬರೆಯುವವನು, ಟೂಲ್‌ಕಿಟ್‌ನ ಕಂಪೈಲರ್ ಎನ್‌ವಿಸಿಸಿ ಇಲ್ಲದೆ ಕಂಪೈಲ್ ಮಾಡುವುದು ಹೇಗೆ? ನಿಮಗೆ ಬೇಡದ್ದು ಯಾರಿಗೂ ಬೇಡ ಅಂದರೆ ಹೇಗೆ?

ಪೈಪ್‌ಸಾಕು: ಕೇಳಿದವರಿಗೆ ಹೇಳಿದ್ದು, ನಿಮಗಲ್ಲ.

ಹಳೇಕಾರ್ಡ್: ಅವರೂ ಪೈಟಾರ್ಚ್ ಎಂದು ಎಲ್ಲೂ ಬರೆದಿಲ್ಲ. ಓದಿ ಉತ್ತರಿಸಿ.

ತಡರಾತ್ರಿ: ರನ್‌ಫೈಲ್ ವಿಷಯಕ್ಕೆ ಬರುತ್ತೇನೆ. ಅದು ಹಾಕಿದ ಡ್ರೈವರ್ ಬಗ್ಗೆ ಉಬುಂಟುವಿನ ಪ್ಯಾಕೇಜ್ ಮ್ಯಾನೇಜರ್ ಆಪ್ಟ್‌ಗೆ ಏನೂ ಗೊತ್ತಿರುವುದಿಲ್ಲ. ಮುಂದೆ ಆಪ್ಟ್ ತನ್ನದೇ ಇನ್ನೊಂದು ಡ್ರೈವರ್ ಇಟ್ಟರೆ ಎರಡೂ ಕಲಸಿಹೋಗುತ್ತವೆ. ನಮ್ಮ ಲ್ಯಾಬಿನಲ್ಲಿ ಇದನ್ನು ಬಿಡಿಸುವುದರಲ್ಲೇ ಒಂದು ವಾರಾಂತ್ಯ ಹೋಯಿತು. ಆಪ್ಟ್‌ಗೆ ಹೋದ ಮೇಲೆ ಇನ್ನೊಂದು ಕಾಟ. ರಾತ್ರಿ ಯಂತ್ರ ತಾನಾಗಿಯೇ ಅಪ್‌ಡೇಟ್ ಆಗಿ ಲೈಬ್ರರಿ ಹೊಸದು, ಮೆಮೊರಿಯಲ್ಲಿರುವ ಮಾಡ್ಯೂಲ್ ಹಳೆಯದು. ಡ್ರೈವರ್-ಲೈಬ್ರರಿ ವರ್ಷನ್ ಹೊಂದುತ್ತಿಲ್ಲ ಎಂಬ ಎರರ್. ರೀಬೂಟ್ ಮಾಡಿದರೆ ಸರಿ, ಆದರೆ ಸರದಿಯಲ್ಲಿದ್ದ ಟ್ರೈನಿಂಗ್ ಒಂದೂ ಶುರುವಾಗಿರಲಿಲ್ಲ. ಅವತ್ತಿನಿಂದ ಡ್ರೈವರ್ ಪ್ಯಾಕೇಜ್‌ಗಳನ್ನೆಲ್ಲ ಅಪ್‌ಡೇಟ್ ಆಗದಂತೆ ಆಪ್ಟ್-ಮಾರ್ಕ್ ಹೋಲ್ಡ್‌ನಲ್ಲಿ ಇಟ್ಟಿದ್ದೇನೆ.

ಸಹಿಕೀಲಿ: ಹೋಲ್ಡ್ ಇಟ್ಟರೆ ಡ್ರೈವರ್ ನಿಲ್ಲುತ್ತದೆ, ಕರ್ನಲ್ ನಿಲ್ಲುವುದಿಲ್ಲ. ಹೊಸ ಕರ್ನಲ್‌ಗೆ ಹಳೇ ಮಾಡ್ಯೂಲ್ ಬಿಲ್ಡ್ ಆಗದೆ ಹೋದರೆ ಮತ್ತೆ ಕಪ್ಪು ಸ್ಕ್ರೀನ್. ಅರ್ಧ ಸಲಹೆ ಕೊಡಬೇಡಿ.

ತಡರಾತ್ರಿ: ಕರ್ನಲ್ ಕೂಡ ಹೋಲ್ಡ್‌ನಲ್ಲೇ ಇದೆ. ಕೇಳಿ ತಿಳಿದುಕೊಂಡು ಮಾತಾಡಿ.

ಸಹಿಕೀಲಿ: ಅಂದರೆ ಸೆಕ್ಯುರಿಟಿ ಪ್ಯಾಚ್ ಬರುವುದೇ ಬೇಡ ಅಂತ! ಇನ್ನೊಬ್ಬರಿಗೆ ಇದನ್ನು ಕಲಿಸಬೇಡಿ ದಯವಿಟ್ಟು.

ಮೋಡಲಿಪಿ: ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನದು ನೌವೋ ಹತ್ತಿರವೇ ನಿಂತಿದೆ. ಅದನ್ನು ಲೋಡ್ ಮಾಡಬೇಡ ಎನ್ನುವ ಬ್ಲ್ಯಾಕ್‌ಲಿಸ್ಟ್ ಫೈಲ್ ಬರೆದೆ, ಆದರೂ ಲೋಡ್ ಆಗುತ್ತಿದೆ.

ಕಿಟಕಿಪಕ್ಕ: ಫೈಲ್ ಬರೆದ ಮೇಲೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನಲ್ಲಿ ಮೊದಲು ಲೋಡ್ ಆಗುವ ಇಮೇಜ್) ಅಪ್‌ಡೇಟ್ ಮಾಡಿದಿರಾ? ಇಲ್ಲದಿದ್ದರೆ ಬೂಟ್ ಶುರುವಿನಲ್ಲೇ ಹಳೇ ಇಮೇಜಿನಿಂದ ನೌವೋ ಎದ್ದು ಕೂರುತ್ತದೆ. ಇನ್ನೂ ಸುಲಭದ ದಾರಿ, ಡ್ರೈವರನ್ನು ಆಪ್ಟ್‌ನಿಂದ ಹಾಕಿ. ನೌವೋ ತಡೆಯುವ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ಕುಡಾ 12ಕ್ಕೆ 525 ಅಥವಾ ಅದಕ್ಕಿಂತ ಹೊಸದು ಬೇಕು. ರೀಬೂಟ್ ಆದ ಮೇಲೆ ರನ್‌ಫೈಲ್ ಓಡಿಸಿ ಡ್ರೈವರ್ ಮುಂದಿನ ಟಿಕ್ ತೆಗೆಯಿರಿ, ಟೂಲ್‌ಕಿಟ್ ಮಾತ್ರ ಹಾಕಿ. ನಾನು ಈಗ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ಗೆ ಬಂದಿದ್ದೇನೆ, ಅಲ್ಲಿ ಡ್ರೈವರ್ ಬೇಕಾಗಿರುವುದು ವಿಂಡೋಸ್ ಕಡೆ ಮಾತ್ರ. ಲಿನಕ್ಸ್ ಒಳಗೆ ಹಾಕಲೇಬಾರದು.

ತಡರಾತ್ರಿ: ಎಂಒಕೆ ಗೋಳೂ ಬೇಡ. ಉಬುಂಟುವಿನಲ್ಲಿ ಸಹಿ ಹಾಕಿದ ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ ಪ್ಯಾಕೇಜ್ ಸಿದ್ಧವಾಗಿ ಸಿಗುತ್ತದೆ. ನೀಲಿ ಸ್ಕ್ರೀನ್ ಬರುವುದೇ ಇಲ್ಲ. ಇಷ್ಟು ಉದ್ದ ಪಾಠ ಮಾಡಿದವರಿಗೆ ಇದು ಗೊತ್ತಿರಬೇಕಿತ್ತು.

ಸಹಿಕೀಲಿ: ಗೊತ್ತಿದೆ. ಅದು ಉಬುಂಟುವಿನ ಸ್ವಂತ ಕರ್ನಲ್‌ಗೆ ಮಾತ್ರ. ನನ್ನದು ನಾನೇ ಬಿಲ್ಡ್ ಮಾಡಿದ ಕರ್ನಲ್, ಸಹಿಯನ್ನೂ ನಾನೇ ಹಾಕಬೇಕು. ಹೋಲ್ಡ್ ಪ್ರಶ್ನೆಗೆ ನೀವು ಇನ್ನೂ ಉತ್ತರ ಕೊಟ್ಟಿಲ್ಲ.

ಮೋಡಲಿಪಿ: ಇನಿಟ್‌ರಾಮ್‌ಎಫ್‌ಎಸ್ ಮಾಡಿರಲಿಲ್ಲ. ಆಪ್ಟ್‌ನಿಂದ 535 ಹಾಕಿದೆ, ಎನ್‌ವಿಡಿಯಾ-ಎಸ್‌ಎಂಐ ಬಂತು. ಈಗ ಟಿಕ್ ತೆಗೆದು ರನ್‌ಫೈಲ್ ಓಡುತ್ತಿದೆ.