ಆರ್‌ಎಕ್ಸ್-8: ತಣ್ಣಗಿದ್ದರೆ ಒಂದೇ ಸಲಕ್ಕೆ ಸ್ಟಾರ್ಟ್, ಬಿಸಿಯಾದರೆ ಮುಕ್ಕಾಲು ಗಂಟೆ ಮುನಿಸು

ಒಂಬತ್ತುಸಾವಿರ (ಆಸ್ಟಿನ್, ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ರೋಟರಿ ಎಂಜಿನ್ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಎಂಜಿನ್) ಬಗ್ಗೆ ಕನ್ನಡದಲ್ಲಿ ಕೇಳಿದರೆ ಉತ್ತರಿಸುವವರು ಇದ್ದಾರೋ ಇಲ್ಲವೋ ತಿಳಿಯದು. ಇಂಗ್ಲಿಷಿನಲ್ಲಿ ಕೇಳಿ ಸಾಕಾಗಿದೆ. ಕೇಳಿದವರೆಲ್ಲ ‘ಮಾರಿ ಕೈತೊಳೆದುಕೋ’ ಎನ್ನುತ್ತಾರೆ. ಮಾರುವ ಮನಸ್ಸಿದ್ದರೆ ಕೇಳುತ್ತಲೇ ಇರಲಿಲ್ಲ.

ನನ್ನದು 2005ರ ಮಾಜ್ದಾ ಆರ್‌ಎಕ್ಸ್-8, ಆರು ಗೇರಿನ ಮ್ಯಾನ್ಯುಯಲ್. ಎರಡು ವರ್ಷದ ಹಿಂದೆ ಒಬ್ಬ ನಿವೃತ್ತರಿಂದ ಕೊಂಡೆ. ಆಗ 82,000 ಮೈಲಿ ಓಡಿತ್ತು. ಅವರು ಕಾರನ್ನು ಪ್ರತಿವಾರ ತೊಳೆಯುತ್ತಿದ್ದರಂತೆ. ಎಣ್ಣೆಯ ಕಡ್ಡಿಯನ್ನು ಎಷ್ಟು ಸಲ ಎಳೆದು ನೋಡಿದ್ದರೋ ದೇವರೇ ಬಲ್ಲ; ನಾನು ಮೊದಲ ದಿನ ಎಳೆದಾಗ ಅದರ ತುದಿಗೆ ಒಂದು ಹನಿಯೂ ಅಂಟಿರಲಿಲ್ಲ.

ತೊಂದರೆ ಇಷ್ಟು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಎರಡು ಸೆಕೆಂಡಿನಲ್ಲಿ ಎದ್ದು ಕೂರುತ್ತದೆ. ಇಪ್ಪತ್ತು ಮೈಲಿ ಓಡಿಸಿ, ಪೆಟ್ರೋಲ್ ಹಾಕಿಸಲು ನಿಲ್ಲಿಸಿ, ಐದು ನಿಮಿಷದ ನಂತರ ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮಾತ್ರ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಹೋದ ಶನಿವಾರ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಬಂಕಿನ ನಂಬರ್ ನಾಲ್ಕರ ಪಂಪನ್ನು ಅಡ್ಡಗಟ್ಟಿ ನಿಂತಿದ್ದೆ. ಹಿಂದಿನ ಸೀಟಿನಲ್ಲಿ ಮಗಳು, ಅವಳ ಕೈಯಲ್ಲಿ ಕರಗುತ್ತಿರುವ ಐಸ್‌ಕ್ರೀಮ್. ಇನ್ನೊಂದು ಸಂಗತಿ: ಆರೇಳು ಸಾವಿರ ಆರ್‌ಪಿಎಂ ದಾಟಿದ ಮೇಲೆ ಉಸಿರು ಕಟ್ಟಿದಂತೆ ಆಡುತ್ತದೆ. ಇದು ಒಂಬತ್ತು ಸಾವಿರದವರೆಗೆ ಹಾಡಬೇಕಾದ ಎಂಜಿನ್.

ಹತ್ತಿರದ ಒಂದು ಗ್ಯಾರೇಜಿನವರು ‘ಬಿಸಿಗೆ ಪೆಟ್ರೋಲ್ ಪಂಪ್ ಕೈಕೊಡುತ್ತಿದೆ’ ಎಂದು 640 ಡಾಲರ್ ತೆಗೆದುಕೊಂಡು ಪಂಪ್ ಬದಲಿಸಿದರು. ಬ್ಯಾಟರಿಯನ್ನು ನಾನೇ ಬದಲಿಸಿದೆ. ಫಲ ಸೊನ್ನೆ. ಮುಂದೆ ಏನು ನೋಡಬೇಕು?

ಊರಿನಲ್ಲಿರುವ ಅಮ್ಮನಿಗೆ ಎಂಜಿನ್ನಿನ ಚಿತ್ರ ತೋರಿಸಿದ್ದೆ. ‘ಇದು ರುಬ್ಬುವ ಗುಂಡಲ್ಲವೇನೋ? ಇದಕ್ಕೆ ಅಷ್ಟು ದುಡ್ಡು ಕೊಟ್ಟೆಯಾ?’ ಎಂದರು. ಯಾರೂ ಇಷ್ಟು ಸರಿಯಾಗಿ ವಿವರಿಸಿದ್ದನ್ನು ನಾನು ಕೇಳಿಲ್ಲ.

ಎಣ್ಣೆಕೈ (ಮೆಲ್ಬರ್ನ್)

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ. ಗುಂಡು ತನ್ನ ಸುತ್ತ ತಿರುಗುತ್ತಲೇ ಒರಳಿನ ಒಳಗೋಡೆಯನ್ನೂ ಸುತ್ತುತ್ತದೆ. ರೋಟರಿನ ಕೆಲಸವೂ ಅದೇ. ವ್ಯತ್ಯಾಸವೆಂದರೆ ನಮ್ಮ ಗುಂಡಿಗೆ ಮೂರು ಮೂಲೆ. ಪ್ರತಿ ಮೂಲೆಗೂ ಒಂದು ಪಟ್ಟಿ, ಅದೇ ಏಪೆಕ್ಸ್ ಸೀಲ್. ಅದು ಗೋಡೆಗೆ ಒತ್ತಿಕೊಂಡೇ ಜಾರಬೇಕು. ಒತ್ತುವುದು ಕಡಿಮೆಯಾದರೆ ಒಂದು ಕೋಣೆಯ ಗಾಳಿ ಪಕ್ಕದ ಕೋಣೆಗೆ ಸೋರುತ್ತದೆ. ಹಿಟ್ಟು ನುಣ್ಣಗಾಗುವುದಿಲ್ಲ ಎಂದು ಅವರಿಗೆ ಹೇಳಿದರೆ ಅರ್ಥವಾಗುತ್ತದೆ.

ಈಗ ಕಾರಿನ ಮಾತು. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ಇಲ್ಲ ಎಂಬ ಈ ಲಕ್ಷಣವನ್ನು ನಾನು ಎಷ್ಟೋ ಆರ್‌ಎಕ್ಸ್-8ಗಳಲ್ಲಿ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಕಂಪ್ರೆಶನ್, ಅಂದರೆ ಕೋಣೆಯೊಳಗೆ ಗಾಳಿಯನ್ನು ಅದುಮಿದಾಗ ಏಳುವ ಒತ್ತಡ, ಕುಸಿದಿತ್ತು. ತಣ್ಣಗಿರುವಾಗ ಎಣ್ಣೆ ಮಂದವಾಗಿರುತ್ತದೆ, ಸವೆದ ಸೀಲಿನ ಸಂದನ್ನು ತಕ್ಕಮಟ್ಟಿಗೆ ಮುಚ್ಚುತ್ತದೆ. ಬಿಸಿಯಾದರೆ ಅದು ನೀರಾಗುತ್ತದೆ, ಜೊತೆಗೆ ಕಾದ ಸ್ಟಾರ್ಟರ್ ನಿಧಾನವಾಗುತ್ತದೆ. ನಿಧಾನವಾಗಿ ತಿರುಗಿದಷ್ಟೂ ಸೋರುವುದಕ್ಕೆ ಹೆಚ್ಚು ಸಮಯ ಸಿಗುತ್ತದೆ.

ದಯವಿಟ್ಟು ಇನ್ನು ಒಂದು ಬಿಡಿಭಾಗವನ್ನೂ ಊಹೆಯ ಮೇಲೆ ಕೊಳ್ಳಬೇಡಿ. ಮೊದಲು ಅಳೆಯಿರಿ. ಪಿಸ್ಟನ್ ಎಂಜಿನ್ನಿನ ಸಾಮಾನ್ಯ ಗೇಜ್ ಇಲ್ಲಿ ಸಾಲದು, ಅದು ಮೂರು ಕೋಣೆಗಳಲ್ಲಿ ದೊಡ್ಡದೊಂದನ್ನೇ ಹಿಡಿದು ನಿಂತುಬಿಡುತ್ತದೆ. ರೋಟರಿಗೆಂದೇ ಮಾಡಿದ ಟೆಸ್ಟರ್ ಬೇಕು. ಅದು ಒಂದೊಂದು ರೋಟರಿಗೆ ಮೂರು ಸಂಖ್ಯೆ ಕೊಡುತ್ತದೆ, ಕ್ರ್ಯಾಂಕ್ ಆದ, ಅಂದರೆ ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸಿದ, ವೇಗವನ್ನೂ ತೋರಿಸುತ್ತದೆ. ಆ ಸಂಖ್ಯೆಗಳನ್ನು 250 ಆರ್‌ಪಿಎಂ ವೇಗಕ್ಕೆ ಸರಿಹೊಂದಿಸಿ ಓದಬೇಕು. ಹೊಸ ಎಂಜಿನ್ನಿಗೆ ಚದರ ಸೆಂಟಿಮೀಟರಿಗೆ 8.5 ಕಿಲೋ, ಕನಿಷ್ಠ 6.9. ಒಂದೇ ರೋಟರಿನ ಮೂರು ಮುಖಗಳ ನಡುವೆ 1.5ಕ್ಕಿಂತ, ಎರಡು ರೋಟರುಗಳ ನಡುವೆ 1.0ಕ್ಕಿಂತ ಹೆಚ್ಚು ಅಂತರ ಇರಬಾರದು. ಎಂಜಿನ್ ಬಿಸಿಯಿರುವಾಗಲೇ ಮಾಡಿಸಿ. ತಣ್ಣನೆಯ ಎಂಜಿನ್ನಿನ ಸಂಖ್ಯೆ ಸಿಹಿಸುಳ್ಳು.

ಟೆಸ್ಟರ್ ಸಿಗುವ ತನಕ ಕಿವಿಯಿಂದಲೂ ಸ್ವಲ್ಪ ತಿಳಿಯಬಹುದು. ಇಂಧನ, ಕಿಡಿ ಎರಡನ್ನೂ ನಿಲ್ಲಿಸಿ, ಒಂದು ರೋಟರಿನ ಒಂದು ಪ್ಲಗ್ ತೆಗೆದು ಕ್ರ್ಯಾಂಕ್ ಮಾಡಿಸಿ. ಬುಸ್, ಬುಸ್, ಬುಸ್ ಎಂದು ಮೂರೂ ಒಂದೇ ತೂಕದಲ್ಲಿ ಬರಬೇಕು. ಬುಸ್, ಫುಸ್, ಫುಸ್ ಎಂದರೆ ಆ ದಿನ ಊಟ ಸೇರುವುದಿಲ್ಲ.

ಗೇರ್‌ಗುಂಡಣ್ಣ (ಡೆಟ್ರಾಯಿಟ್)

ಎಣ್ಣೆಕೈಯವರ ಮಾತಿಗೆ ಎದುರಾಡುವಷ್ಟು ದೊಡ್ಡವನಲ್ಲ. ಆದರೆ ನೇರವಾಗಿ ಎಂಜಿನ್ನಿಗೇ ಸಾವಿನ ಸುದ್ದಿ ಹೇಳುವ ಮೊದಲು ಪ್ಲಗ್ಗುಗಳಿಗೆ ಕಿಡಿ ಕೊಡುವ ಕಾಯಿಲ್‌ಗಳನ್ನು ನೋಡಬಾರದೇ? ನಾಲ್ಕು ಪ್ಲಗ್, ನಾಲ್ಕು ಕಾಯಿಲ್. ನನ್ನ 2007ರ ಕಾರಿನಲ್ಲಿ ಮೂವತ್ತು ಸಾವಿರ ಮೈಲಿಗೊಮ್ಮೆ ಕಾಯಿಲ್ ಬದಲಿಸುವುದನ್ನು ಎಣ್ಣೆ ಬದಲಿಸಿದಷ್ಟೇ ಸಹಜವಾಗಿ ಮಾಡುತ್ತೇನೆ. ಹಿಂದಿನ ಮಾಲೀಕರು ಅವನ್ನು ಮುಟ್ಟಿಯೇ ಇರಲಿಕ್ಕಿಲ್ಲ.

ಪ್ಲಗ್ ಬದಲಿಸುವುದಾದರೆ ಎಡಗಡೆಯ ಮುಂದಿನ ಚಕ್ರ ಬಿಚ್ಚಿ, ಜಾಕ್ ಸ್ಟ್ಯಾಂಡ್ ಕೊಟ್ಟು, ಕೆಳಗಿನಿಂದ ಕೈ ಹಾಕಿ. ಮೇಲಿನವು ಟ್ರೇಲಿಂಗ್, ಕೆಳಗಿನವು ಲೀಡಿಂಗ್. ಎರಡೂ ಬೇರೆ ಬೇರೆ ಪ್ಲಗ್, ಅದಲುಬದಲು ಮಾಡಬೇಡಿ. ಒಂದು ವೈರ್ ಬಿಚ್ಚಿದರೆ ಅದನ್ನೇ ಮರಳಿ ಹಾಕಿದ ನಂತರ ಇನ್ನೊಂದನ್ನು ಮುಟ್ಟಿ. ನಾನು ನಾಲ್ಕನ್ನೂ ಒಟ್ಟಿಗೆ ಬಿಚ್ಚಿ, ಒಂದು ಭಾನುವಾರ ಪೂರ್ತಿ ತಲೆ ಕೆರೆದುಕೊಂಡಿದ್ದೇನೆ.

ಸ್ಟಾರ್ಟರನ್ನೂ ಮರೆಯಬೇಡಿ. ಮೊದಲ ವರ್ಷಗಳ ಕಾರುಗಳಲ್ಲಿದ್ದದ್ದು ನಿಧಾನದ್ದು. ನಂತರದ ಮಾದರಿಯ ಬಲವಾದ ಸ್ಟಾರ್ಟರ್ ಹಾಗೆಯೇ ಕೂರುತ್ತದೆ. ಅದನ್ನು ಹಾಕಿದ ಮೇಲೆ ನನ್ನ ಕಾರಿನ ಬಿಸಿ ಮುನಿಸು ಪೂರ್ತಿ ಹೋಯಿತು.

ಎಣ್ಣೆಕೈ (ಮೆಲ್ಬರ್ನ್)

ಹೋಯಿತೋ, ಮರೆಯಾಯಿತೋ? ವೇಗವಾಗಿ ತಿರುಗಿಸಿದರೆ ಸವೆದ ಎಂಜಿನ್ನೂ ಹಿಡಿಯುತ್ತದೆ. ಜ್ವರಕ್ಕೆ ಮಾತ್ರೆ ಕೊಟ್ಟಂತೆ. ಮಾತ್ರೆ ಬೇಡ ಎನ್ನುತ್ತಿಲ್ಲ, ಥರ್ಮಾಮೀಟರ್ ಇಡದೆ ಬೇಡ.

ಕಾಯಿಲ್ ವಿಷಯದಲ್ಲಿ ಮಾತ್ರ ನಿಮ್ಮದು ನೂರಕ್ಕೆ ನೂರು ಸರಿ. ‘ಉಸಿರು ಕಟ್ಟಿದಂತೆ’ ಎಂಬ ಅವರ ಮಾತನ್ನು ನಾನು ಮೊದಲ ಸಲ ಓದುವಾಗ ಹಾರಿಸಿಬಿಟ್ಟಿದ್ದೆ. ಕಾಯಿಲ್ ದುರ್ಬಲವಾದರೆ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡು ಕರಗಿ ದಾರಿ ಮುಚ್ಚಿಕೊಳ್ಳುತ್ತದೆ. ಹೊಗೆ ಹೊರಗೆ ಹೋಗಲಾರದೆ ಬಿಸಿಯೆಲ್ಲ ಎಂಜಿನ್ನಿಗೇ ಮರಳುತ್ತದೆ, ಅದನ್ನು ತಾಳಬೇಕಾದವು ಆ ಬಡಪಾಯಿ ಸೀಲುಗಳು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿನಲ್ಲಿ ಒತ್ತಡ ಅಳೆಯಿಸಿ.

ಜಯನಗರದಿಂದ ನೋಡುತ್ತಿರುವವ (ಬೆಂಗಳೂರು)

ರೋಟರಿ ಕಾರನ್ನು ಕಣ್ಣಾರೆ ನೋಡಿದವನಲ್ಲ. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಾಜ್ದಾದ ರೋಟರಿ ಕಾರು 787ಬಿಯ ಸದ್ದನ್ನು ಮಾತ್ರ ಫೋನಿನಲ್ಲಿ ಕೇಳಿ ಕೇಳಿ ಮನೆಯವರಿಂದ ಬೈಸಿಕೊಂಡಿದ್ದೇನೆ. ಒಂದು ಸಂದೇಹ: ಎಂಜಿನ್ ಆರೋಗ್ಯವಾಗಿದ್ದರೂ ಇದು ಎಣ್ಣೆ ಕುಡಿಯುತ್ತದಂತೆ, ನಿಜವೇ? ಕೆಲವರು ಪೆಟ್ರೋಲಿಗೇ ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತಾರಂತೆ. ನಮ್ಮ ತಂದೆಯವರ ಮೈಸೂರಿನ ಯೆಜ್ದಿ ನೆನಪಾಯಿತು. ಬಂಕಿನಲ್ಲಿ ‘ಆಯಿಲ್ ಹಾಕಿದಿರಾ?’ ಎಂದು ಎರಡು ಸಲ ಕೇಳದೆ ಅವರು ದುಡ್ಡು ಕೊಡುತ್ತಿರಲಿಲ್ಲ.

ಎಣ್ಣೆಕೈ (ಮೆಲ್ಬರ್ನ್)

ನಿಜ, ಮತ್ತು ಅದು ರೋಗವಲ್ಲ. ಸೀಲುಗಳು ಒಣಗದಿರಲೆಂದು ಒಂದು ಪುಟ್ಟ ಪಂಪ್ ಎಂಜಿನ್ ಎಣ್ಣೆಯನ್ನೇ ಹನಿಹನಿಯಾಗಿ ಒಳಗೆ ಬಿಡುತ್ತದೆ. 2009ರ ಮಾದರಿಯಿಂದ ಆ ಹನಿಯ ಬಾಯಿಗಳನ್ನು ರೋಟರಿಗೆ ಎರಡರಿಂದ ಮೂರಕ್ಕೆ ಏರಿಸಿದರು. ಹಾಗಾಗಿ ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲವಾದರೂ ಎಣ್ಣೆಯ ಕಡ್ಡಿ ಎಳೆದು ನೋಡಬೇಕು. ಪೆಟ್ರೋಲಿಗೆ ಬೆರೆಸುವುದರ ಬಗ್ಗೆ ರೋಟರಿ ಮಂದಿಯಲ್ಲಿ ದ್ವೈತ-ಅದ್ವೈತದಷ್ಟು ವಾದವಿದೆ. ನಾನು ಹತ್ತು ಲೀಟರಿಗೆ ನಲವತ್ತು ಮಿಲಿ ಬೆರೆಸುತ್ತೇನೆ. ನಿಮ್ಮ ತಂದೆಯವರು ನನ್ನ ಪಕ್ಷ.

ಒಂಬತ್ತುಸಾವಿರ (ಆಸ್ಟಿನ್, ಟೆಕ್ಸಾಸ್), ಮೂರು ವಾರದ ನಂತರ

ಕ್ಷಮಿಸಿ, ತಡವಾಯಿತು. ನಡುವೆ ಇನ್ನೊಂದು ಅವಾಂತರ. ನನ್ನ ಹೆಂಡತಿ ಸೈಕಲ್ ಹೊರತೆಗೆಯಲು ಕಾರನ್ನು ಹತ್ತು ಅಡಿ ಹಿಂದಕ್ಕೆ ತಂದು ತಕ್ಷಣ ಆರಿಸಿದಳು. ಮರುದಿನ ಬೆಳಿಗ್ಗೆ ತಣ್ಣನೆಯ ಕಾರೂ ಏಳಲಿಲ್ಲ, ಗ್ಯಾರೇಜ್ ತುಂಬ ಪೆಟ್ರೋಲ್ ವಾಸನೆ. ತಣ್ಣಗಿರುವಾಗ ಹಚ್ಚಿದ ಮೇಲೆ ಬಿಸಿಯಾಗುವ ತನಕ ಆರಿಸಬಾರದು, ಆರಿಸಿದರೆ ಎಂಜಿನ್ನಿನೊಳಗೆ ಪೆಟ್ರೋಲ್ ತುಂಬಿಕೊಳ್ಳುತ್ತದೆಂದು ನನಗೆ ಗೊತ್ತಿತ್ತು, ಅವಳಿಗೆ ಹೇಳಿರಲಿಲ್ಲ, ತಪ್ಪು ನನ್ನದೇ. ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿಹಿಡಿದು ಕ್ರ್ಯಾಂಕ್ ಮಾಡಿದರೆ ಇಂಜೆಕ್ಟರ್‌ಗಳು ನಿಲ್ಲುತ್ತವೆ. ಹಾಗೆ ಮಾಡಿ, ನಡುನಡುವೆ ಸ್ಟಾರ್ಟರಿಗೆ ಬಿಡುವು ಕೊಟ್ಟು, ಆರನೆಯ ಸಲಕ್ಕೆ ಬಿಳಿ ಹೊಗೆಯ ಮೋಡದೊಡನೆ ಎದ್ದಿತು. ಎದುರು ಮನೆಯವರು ಬೆಂಕಿ ಬಿದ್ದಿದೆಯೇ ಎಂದು ಓಡಿ ಬಂದರು.

ಟೆಸ್ಟರ್ ಇರುವ ಒಬ್ಬ ಮೆಕ್ಯಾನಿಕ್ ಡಲ್ಲಾಸ್ ಕಡೆ ಸಿಕ್ಕಿದರು. ಬಿಸಿ ಎಂಜಿನ್, 250ಕ್ಕೆ ಸರಿಹೊಂದಿಸಿದ ಸಂಖ್ಯೆಗಳು ಇವು:

ಮುಂದಿನ ರೋಟರ್: 6.5, 6.3, 6.6
ಹಿಂದಿನ ರೋಟರ್: 5.4, 6.1, 5.5

ಕಾಗದ ನೋಡಿ ಅವರು ಮಾತಾಡಲಿಲ್ಲ, ಒಂದು ಕುರ್ಚಿ ಎಳೆದುಕೊಟ್ಟರು.

ಕನ್ವರ್ಟರ್ ಅನ್ನೂ ಬಿಚ್ಚಿಸಿದೆ. ಒಂದು ತುದಿಯಲ್ಲಿ ಟಾರ್ಚ್ ಹಿಡಿದು ಇನ್ನೊಂದು ತುದಿಯಿಂದ ನೋಡಿದರೆ ಅರ್ಧಚಂದ್ರದಷ್ಟು ಬೆಳಕು, ಉಳಿದದ್ದು ಹಬೆ ಆರಿ ಗಟ್ಟಿಯಾದ ಬೆಲ್ಲದ ಪಾಕದಂತೆ ಕಪ್ಪಗೆ ಕೂತಿದೆ. ಕಾಯಿಲ್‌ಗಳ ಮೇಲಿನ ಧೂಳು ನೋಡಿದರೆ ಅವು ಕಾರಿನೊಂದಿಗೇ ಹುಟ್ಟಿದವು. 640 ಡಾಲರಿನ ಪಂಪ್ ಮಾತ್ರ ಹೊಸದಾಗಿ ಹೊಳೆಯುತ್ತಿದೆ.

ಎಣ್ಣೆಕೈ (ಮೆಲ್ಬರ್ನ್)

ಈ ಆರು ಸಂಖ್ಯೆಗಳನ್ನು ನಿಧಾನವಾಗಿ ಓದೋಣ. ಆರೂ ಕನಿಷ್ಠಕ್ಕಿಂತ ಕೆಳಗಿವೆ. ಆದರೆ ಅಂತರಗಳು ಮಿತಿಯೊಳಗೇ ಇವೆ. ಸೀಲ್ ಮುರಿದಿದ್ದರೆ ಎರಡು ಸಂಖ್ಯೆಗಳು ಒಟ್ಟಿಗೆ ಪಾತಾಳಕ್ಕೆ ಇಳಿಯುತ್ತಿದ್ದವು, ಏಕೆಂದರೆ ಒಂದು ಸೀಲ್ ಎರಡು ಕೋಣೆಗಳ ನಡುವಿನ ಗೋಡೆ. ಹಿಂದಿನ ರೋಟರಿನ 5.4 ಮತ್ತು 5.5ರ ನಡುವೆ ಇರುವ ಸೀಲ್ ಉಳಿದವುಗಳಿಗಿಂತ ಹೆಚ್ಚು ದಣಿದಿದೆ, ಅಷ್ಟೇ. ಮುರಿದಿಲ್ಲ, ಸವೆದಿದೆ. ಮುರಿದಿದ್ದರೆ ಆ ಚೂರು ಹೌಸಿಂಗ್‌ನ (ರೋಟರಿನ ಹೊರಕವಚದ) ಗೋಡೆಯನ್ನು ಗೀರಿ, ರೋಟರನ್ನೂ ಕಚ್ಚಿ, ನಿಮಗೆ ಉಳಿಯುತ್ತಿದ್ದದ್ದು ಕಾಫಿ ಟೇಬಲ್ಲಿನ ಅಲಂಕಾರ. ಈಗ ಬಿಚ್ಚಿದರೆ ಮರಳಿ ಬಳಸಬಹುದಾದ ಭಾಗಗಳು ಸಿಗುವ ಸಾಧ್ಯತೆ ಚೆನ್ನಾಗಿದೆ.

ಅಮೆರಿಕದಲ್ಲಿ ಈ ವರ್ಷಗಳ ಕಾರುಗಳಿಗೆ ಎಂಜಿನ್ ವಾರಂಟಿಯನ್ನು ಎಂಟು ವರ್ಷ ಅಥವಾ ಒಂದು ಲಕ್ಷ ಮೈಲಿಗೆ ವಿಸ್ತರಿಸಿದ್ದರು. ನಿಮ್ಮದರ ಎಂಟು ವರ್ಷ ಎಂದೋ ಮುಗಿದಿದೆ. ರಿಬಿಲ್ಡ್, ಅಂದರೆ ಎಂಜಿನ್ ಬಿಚ್ಚಿ ಹೊಸದಾಗಿ ಜೋಡಣೆ, ಮಾಡಿಸುವುದಾದರೆ ಒಂದೇ ಷರತ್ತು: ಹೊಸ ಕಾಯಿಲ್, ಪ್ಲಗ್, ವೈರ್, ಹೊಸ ಕನ್ವರ್ಟರ್, ಎಣ್ಣೆ ಪಂಪಿನ ಪರೀಕ್ಷೆ, ಇವು ಇಲ್ಲದೆ ಹೊಸ ಎಂಜಿನ್ ಕೂರಿಸಬೇಡಿ. ಹಳೆಯದನ್ನು ಕೊಂದದ್ದು ಇವೇ.

ಗೇರ್‌ಗುಂಡಣ್ಣ (ಡೆಟ್ರಾಯಿಟ್)

ನಿಮ್ಮ ಸಂಖ್ಯೆ ನೋಡಿ ಹೆದರಿ ನನ್ನ ಕಾರನ್ನೂ ಅಳೆಯಿಸಿದೆ. ಹಿಂದಿನ ರೋಟರ್ 6.7. ಎಣ್ಣೆಕೈಯವರೇ, ನಿಮ್ಮ ಥರ್ಮಾಮೀಟರ್ ಗೆದ್ದಿತು. ಈಗ ನನ್ನ ನಿದ್ದೆ ಹೋಗಿದೆ.

ಒಂಬತ್ತುಸಾವಿರ (ಆಸ್ಟಿನ್, ಟೆಕ್ಸಾಸ್)

ತೀರ್ಮಾನ ಆಯಿತು. ರಿಬಿಲ್ಡ್ ಮಾಡುವವರ ಬಳಿ ಸರದಿ ಸಿಕ್ಕಿದ್ದು ಅಕ್ಟೋಬರಿನಲ್ಲಿ. ಕಾಯಿಲ್, ಪ್ಲಗ್, ಕನ್ವರ್ಟರ್ ಈಗಲೇ ಹಾಕಿಸಿದೆ. ಅವು ಹೊಸ ಎಂಜಿನ್ನಿಗೂ ಆಗುತ್ತವೆ. ಹೆಚ್ಚಿನ ಆರ್‌ಪಿಎಂನಲ್ಲಿದ್ದ ಉಸಿರುಗಟ್ಟುವಿಕೆ ಬಹಳಮಟ್ಟಿಗೆ ಹೋಗಿದೆ. ಬಿಸಿ ಮುನಿಸು ಇದ್ದೇ ಇದೆ. ಗುಂಡಣ್ಣನವರು ಹೇಳಿದ ಸ್ಟಾರ್ಟರ್ ತರಿಸಬೇಕೆಂದಿದ್ದೆ, ಹೆಂಡತಿ ಲೆಕ್ಕದ ಪುಸ್ತಕ ತೆರೆದಳು, ಸುಮ್ಮನಾದೆ.

ಅಲ್ಲಿಯವರೆಗೆ ಎಲ್ಲಿ ಹೋದರೂ ಇಳಿಜಾರು ನೋಡಿ ನಿಲ್ಲಿಸುತ್ತೇನೆ. ಬ್ರೇಕ್ ಬಿಟ್ಟು, ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಹಿಡಿಯುತ್ತದೆ. ಮನೆಯ ಹತ್ತಿರದ ಬಂಕ್ ಸಮತಟ್ಟಾಗಿದೆ, ಆದ್ದರಿಂದ ಎರಡು ಮೈಲಿ ಆಚೆಯ ದಿಬ್ಬದ ಮೇಲಿನ ಬಂಕಿಗೆ ಹೋಗುತ್ತೇನೆ. ಅಲ್ಲಿ ಪೆಟ್ರೋಲಿಗೆ ಗ್ಯಾಲನ್ನಿಗೆ ಎಂಟು ಸೆಂಟ್ ಹೆಚ್ಚು.