ಮೆದುಳಿನ ರಕ್ತನಾಳದ ಕೋಶಗಳಲ್ಲಿ ಗ್ಲುಕುರೊನಿಲ್ ಟ್ರಾನ್ಸ್‌ಫರೇಸ್ ಸೊನ್ನೆ: ತಪ್ಪು ಎಲ್ಲಿ?

ಕೋಶಪ್ರಿಯೆ:
ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಮೆದುಳಿನ ಸಣ್ಣ ರಕ್ತನಾಳಗಳ ಎಂಡೋಥೀಲಿಯಲ್ (ಒಳಪದರದ) ಕೋಶಗಳಿಗೆ ಉರಿಯೂತದ ಸಂಕೇತ ಕೊಡುವ ಪ್ರೋಟೀನ್ ಟಿಎನ್‌ಎಫ್-ಆಲ್ಫಾ ಕೊಟ್ಟೆ. ಎಸ್‌ಜಿಪಿಜಿ ಎಂಬ ಗ್ಲೈಕೋಲಿಪಿಡ್ (ಸಕ್ಕರೆ ಸರಪಳಿ ಅಂಟಿದ ಲಿಪಿಡ್) ಜಾಸ್ತಿಯಾಗಿದೆ. ಲಿಪಿಡ್ ತೆಗೆದು ಲಿಪಿಡುಗಳನ್ನು ಬೇರ್ಪಡಿಸುವ ಟಿಎಲ್‌ಸಿ ಪ್ಲೇಟಿನ ಮೇಲೆ, ಎಸ್‌ಜಿಪಿಜಿಯನ್ನು ಗುರುತಿಸುವ ಎಚ್‌ಎನ್‌ಕೆ-1 ಆಂಟಿಬಾಡಿ ಹಾಕಿದರೆ ಪಟ್ಟೆ ಚೆನ್ನಾಗಿ ಕಾಣುತ್ತದೆ. ಆದರೆ ಅದರ ಮೂಲ ಲಿಪಿಡ್ ಆದ ಪ್ಯಾರಾಗ್ಲೋಬೊಸೈಡಿಗೆ ಗ್ಲುಕುರೊನಿಕ್ ಆಮ್ಲ ಜೋಡಿಸುವ ಎಂಜೈಮ್, ಅಂದರೆ ಗ್ಲುಕುರೊನಿಲ್ ಟ್ರಾನ್ಸ್‌ಫರೇಸನ್ನು ಅಳೆದರೆ ಏನೂ ಇಲ್ಲ. ಕುದಿಸಿ ಎಂಜೈಮ್ ಸಾಯಿಸಿದ ಲೈಸೇಟಿಗೂ (ಕೋಶ ಒಡೆದು ಬಂದ ದ್ರವ) ಇದಕ್ಕೂ ವ್ಯತ್ಯಾಸವೇ ಇಲ್ಲ! ಎಂಜೈಮಿಗೆ ಆ ಆಮ್ಲ ಒದಗಿಸುವ ರೇಡಿಯೋಆಕ್ಟಿವ್ ಯುಡಿಪಿ-ಗ್ಲುಕುರೊನಿಕ್ ಆಮ್ಲ ಹೊಸದು. ಮ್ಯಾಂಗನೀಸ್ 2.5 ಮಿಲಿಮೋಲಾರ್.

ಹಳೇಬೆಂಚು:
ಪಟ್ಟೆ ಕಂಡಿತು ಅಂದರೆ ಆ ಲಿಪಿಡನ್ನು ಕೋಶ ಮೊದಲೇ ಕಟ್ಟಿಟ್ಟಿತ್ತು ಅಂತಷ್ಟೇ. ಕ್ಲೋರೋಫಾರಂ-ಮೆಥನಾಲಿನಲ್ಲಿ ಅದು ಹೊರಬರಲು ಎಂಜೈಮ್ ಬದುಕಿರಬೇಕಿಲ್ಲ. ಕೋಶ ಒಡೆಯಲು ಯಾವ ಬಫರ್? ಎಂಜೈಮ್ ಕೆಡಿಸುವ ಡಿಟರ್ಜೆಂಟ್ ಎಸ್‌ಡಿಎಸ್ ಇದೆಯಾ?

ಕೋಶಪ್ರಿಯೆ:
ಎಸ್‌ಡಿಎಸ್ ಇಲ್ಲ, ಸೌಮ್ಯ ಡಿಟರ್ಜೆಂಟ್ ಟ್ರೈಟಾನ್ ಮಾತ್ರ. ವೆಸ್ಟರ್ನ್ ಬ್ಲಾಟಿಗೆ (ಪ್ರೋಟೀನ್ ಪತ್ತೆಯ ಪರೀಕ್ಷೆ) ಮಾಡಿಟ್ಟ ಬಫರ್ ಅದು. ಲೋಹದ ಅಯಾನು ಹಿಡಿಯುವ ಇಡಿಟಿಎ 5 ಮಿಲಿಮೋಲಾರ್. ಪ್ರೋಟಿಯೇಸ್ ತಡೆಯುವ ಮಾತ್ರೆಯಲ್ಲಿ ಇನ್ನೊಂದು 1. ರಿಯಾಕ್ಷನ್ನಿನಲ್ಲಿ ಅರ್ಧ ಪಾಲು ಲೈಸೇಟ್.

ಹಳೇಬೆಂಚು:
ಸಿಕ್ಕಿತು ನೋಡಿ ಕಳ್ಳ. 6ರಲ್ಲಿ ಅರ್ಧ 3. ಇಡಿಟಿಎ ಮ್ಯಾಂಗನೀಸನ್ನು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ನಿಮ್ಮ 2.5 ಪೂರ್ತಿ ಅದರ ಹೊಟ್ಟೆಗೆ. ಈ ಎಂಜೈಮಿಗೆ ಮ್ಯಾಂಗನೀಸ್ ಇಲ್ಲದೆ ಕೈ ಆಡುವುದಿಲ್ಲ, ಯುಡಿಪಿಯ ಫಾಸ್ಫೇಟುಗಳನ್ನು ಹಿಡಿದು ನಿಲ್ಲಿಸುವುದೇ ಅದು. ಸುಮ್ನೆ ಹೊಸ ಕೋಶ ಹಾಳುಮಾಡಬೇಡಿ. ಅದೇ ಲೈಸೇಟಿಗೆ ಮ್ಯಾಂಗನೀಸ್ 10ಕ್ಕೆ ಏರಿಸಿ ನೋಡಿ.

ಗಾಲ್ಜಿಗೆಳೆಯ:
ನನ್ನದೊಂದು ಮಾತು. ಕೋಶ ತೊಳೆದ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪುನೀರು) ಉಳಿದಿದ್ದರೆ ಫಾಸ್ಫೇಟ್ ಜೊತೆ ಮ್ಯಾಂಗನೀಸ್ ಸೇರಿ ದ್ರಾವಣ ಮಂಕಾಗುತ್ತದೆ. ಮ್ಯಾಂಗನೀಸನ್ನು ಕ್ಷಾರದ ಬಫರಿನಲ್ಲಿ ಬೆರೆಸಿಡಲೂಬೇಡಿ, ಕಂದು ತಿರುಗುತ್ತದೆ. ನಾನೊಮ್ಮೆ ಆ ಕಂದು ನೀರನ್ನು ಮೂರು ದಿನ ನಂಬಿದ್ದೆ! ಪ್ಯಾರಾಗ್ಲೋಬೊಸೈಡ್ ಒಣಗಿಸಿದ ಮೇಲೆ ಡಿಟರ್ಜೆಂಟ್ ಹಾಕಿ ಸಾನಿಕೇಟ್ ಮಾಡಿದಿರಾ (ಶಬ್ದತರಂಗದಿಂದ ಕದಡಿದಿರಾ)? ಟ್ಯೂಬಿನ ಗೋಡೆಗೆ ಅಂಟಿದ ಲಿಪಿಡ್ ಎಂಜೈಮಿಗೆ ಸಿಗಲ್ಲ.

ಕೋಶಪ್ರಿಯೆ:
ಸಾನಿಕೇಟ್ ಮಾಡಿದ್ದೆ. ನಿನ್ನೆ ರಾತ್ರಿ ಮ್ಯಾಂಗನೀಸ್ 10 ಹಾಕಿದೆ. ಬಂತು! ಕುದಿಸಿದ್ದು ತಳದಲ್ಲೇ ಇದೆ, ಕುದಿಸದ್ದು ಮೇಲೆ ಹೋಗಿದೆ. ಟಿಎನ್‌ಎಫ್ ಕೊಟ್ಟ ಕೋಶಗಳಲ್ಲಿ ಇನ್ನೂ ಜಾಸ್ತಿ, ಆದರೆ ಇದು ಒಂದೇ ಸಲದ ಲೆಕ್ಕ. ಇಡಿಟಿಎ ಇಲ್ಲದ ಬಫರ್ ಮಾಡಿ, ಮೂರು ಬೇರೆ ತಟ್ಟೆಗಳ ಕೋಶ ತೆಗೆದುಕೊಂಡು ಮತ್ತೆ ಅಳೆಯುತ್ತೇನೆ.

ಹಳೇಬೆಂಚು:
ಹಾಗೇ ಮಾಡಿ. ಪ್ಯಾರಾಗ್ಲೋಬೊಸೈಡ್ ಹಾಕದ ಒಂದು ಟ್ಯೂಬೂ ಇರಲಿ. ಕೋಶದೊಳಗಿನ ಬೇರೆ ಲಿಪಿಡಿಗೂ ರೇಡಿಯೋಆಕ್ಟಿವ್ ಲೇಬಲ್ ಅಂಟಿರಬಹುದು, ಅದನ್ನು ಕಳೆಯಬೇಕಲ್ವಾ.